ಬಾಯ್ಲರಮ್ಮನ ನಕ್ಷತ್ರ

ಮೂವತ್ತೊಂದು ವರ್ಷ ಒಂದೇ ಬಾಯ್ಲರಿನ ಮುಂದೆ ನಿಂತವಳಿಗೆ ಬೇರೆ ಹೆಸರು ಉಳಿಯುವುದಾದರೂ ಹೇಗೆ? ಆ ದೊಡ್ಡ ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಬಾಯ್ಲರಮ್ಮ. ಕಟ್ಟಿಕೊಂಡ ಗಂಡ ಕೂಡ ಫೋನಿನಲ್ಲಿ ಅವಳ ನಂಬರನ್ನು ಹಾಗೇ ಬರೆದುಕೊಂಡಿದ್ದ. ಯಾವ ಯಂತ್ರ ಕಂಡರೂ ಅದರ ಬೆನ್ನ ಹಿಂದೆ ಹೋಗಿ ಇಣುಕದಿದ್ದರೆ ಅವಳಿಗೆ ಉಂಡದ್ದು ಅರಗದು.

ತಿಂಗಳ ಕೊನೆಗೆ ನಿವೃತ್ತಿ. ಅವಳ ಜಾಗಕ್ಕೆ ಇಸ್ತ್ರಿ ವಿಭಾಗದ ಒಬ್ಬಾಕೆ ಬರುವವಳಿದ್ದಳು. "ನಿಮಗೆ ಗೊತ್ತಿರೋದನ್ನೆಲ್ಲ ವಿಕಿಯಲ್ಲಿ ಬರೆದಿಡಿ" ಎಂದರು ಮ್ಯಾನೇಜರು. ವಿಕಿ ಅಂದರೆ ಕೆಲಸದವರೆಲ್ಲ ಬರೆಯಬಹುದಾದ, ತಿದ್ದಬಹುದಾದ ಕಂಪ್ಯೂಟರಿನ ಪುಟಗಳು.

ಅವಳ ಹತ್ತಿರ ಎಣ್ಣೆಗೈ ಮೆತ್ತಿದ ಹಳೇ ನೋಟ್‌ಬುಕ್ಕಿತ್ತು. ಅಪಾಯದ ಸಾಲಿಗೆಲ್ಲ ಮೊದಲಿಗೊಂದು ನಕ್ಷತ್ರ. ಅದು ಕೆಲಸ ಕಲಿಸಿದ ಸೋದರಮಾವನ ಪದ್ಧತಿ. ನಕ್ಷತ್ರ ಕಂಡರೆ ಕೈ ನಿಲ್ಲಬೇಕು ಅನ್ನುತ್ತಿದ್ದ. ಪೈಪಿನಲ್ಲಿ ನಿಂತ ನೀರು ಹೊರಬಿಡದೆ ಹಬೆ ಹಾಯಿಸಿದ್ದಕ್ಕೆ ಪೈಪು ಸಿಡಿದು ಅವನ ಬಲಗೈ ಬೆಂದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

"ಸಾಲಿನ ಮೊದಲು ಹ್ಯಾಶ್ ಗುರುತು, ಈ # ಹಾಕಿ, ಅದೇ ನಂಬರ್ ಕೊಟ್ಕೊಳ್ಳುತ್ತೆ" ಎಂದು ಸ್ಟೋರಿನ ಗುಮಾಸ್ತ ಹೇಳಿಕೊಟ್ಟ. ಬಾಯ್ಲರಮ್ಮ ಎರಡು ದಿನ ಒಂದೇ ಬೆರಳಲ್ಲಿ ಕುಟ್ಟಿದಳು. ಮಾಮೂಲಿ ಸಾಲಿಗೆ ಹ್ಯಾಶ್, ಅಪಾಯದ ಸಾಲಿಗೆ ತನ್ನ ನಕ್ಷತ್ರ. ಉಳಿಸಿ ಎದ್ದುಹೋದಳು. ಹೇಗೆ ಬಂತೆಂದು ತಿರುಗಿ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಇಸ್ತ್ರಿಯವಳು ಆ ಪುಟದ ಪ್ರಿಂಟು ಹಿಡಿದು ಬಂದಳು. ಪುಟ ಓದಿಯೇ ಬಾಯ್ಲರ್ ನಡೆಸಲಿ, ಅದೇ ಪರೀಕ್ಷೆ ಎಂದು ಬಾಯ್ಲರಮ್ಮ ಪಕ್ಕಕ್ಕೆ ನಿಂತಳು. ಒಂದು ಆಯಿತು, ಎರಡು ಆಯಿತು, ಕೈ ನೇರ ಹಬೆಯ ವಾಲ್ವಿಗೆ!

"ಏಯ್, ಕೈ ತೆಗಿ!" ಬಾಯ್ಲರಮ್ಮ ಅವಳ ರಟ್ಟೆ ಹಿಡಿದೆಳೆದಳು. "ನೀರು ಬಿಟ್ಯಾ ಪೈಪಿಂದ?"

"ಅದಕ್ಕೆ ನಂಬರೇ ಇಲ್ವಲ್ಲಕ್ಕಾ! ನಂಬರ್ ಇರೋದು ಕೆಲಸ, ಬೊಟ್ಟಿರೋದು ಸುಮ್ನೆ ತಿಳ್ಕೊಳ್ಳೋಕೆ ಅಂದ್ಕೊಂಡೆ."

"ಬೊಟ್ಟಾ? ನಾನೆಲ್ಲಿ ಬೊಟ್ಟಿಟ್ಟೆ?"

ಕಾಗದ ಕಿತ್ತುಕೊಂಡು ನೋಡಿದರೆ ಒಂದೇ ಒಂದು ನಕ್ಷತ್ರವಿಲ್ಲ. ಅದರ ಜಾಗದಲ್ಲೆಲ್ಲ ಕಪ್ಪು ಬೊಟ್ಟು. ತನ್ನ ಬರಹದಿಂದಲೇ ಇನ್ನೊಂದು ಕೈ ಬೇಯುತ್ತಿತ್ತಲ್ಲ!

ಬೇರೆಯವರಾಗಿದ್ದರೆ ಕಂಪ್ಯೂಟರಿಗೆ ಹಿಡಿಶಾಪ ಹಾಕುತ್ತಿದ್ದರು. ಇವಳಿಗೆ ಭಯ ಇಳಿದದ್ದೇ ತಡ, ತಲೆಗೆ ಹುಳ ಹೊಕ್ಕಿತು. ಊಟದ ಬಿಡುವಿನಲ್ಲಿ ಹೋಗಿ 'ತಿದ್ದು' ಒತ್ತಿದಳು. ಅರೆ, ನಕ್ಷತ್ರ ಇದ್ದಲ್ಲೇ ಇದೆ! ಉಳಿಸಿದರೆ ಮತ್ತೆ ಬೊಟ್ಟು. ಹಾಗಾದರೆ ಈ ಪುಟಕ್ಕೂ ಒಂದು ಬೆನ್ನಿದೆ. ಎರಡು ನಕ್ಷತ್ರ ಹಾಕಿದಳು, ಬೊಟ್ಟು ಒಳಗೆ ಸರಿಯಿತು. ಸಾಲಿನ ನಡುವೆ ಹಾಕಿದಳು, ನಕ್ಷತ್ರ ನಕ್ಷತ್ರವಾಗಿಯೇ ಉಳಿಯಿತು.

"ಓಹೋ, ಸಾಲಿನ ತಲೆ ಮೇಲೆ ಕೂತ್ರೆ ಮಾತ್ರ ನಿನ್ನ ವೇಷ ಬದಲಾಗೋದು!" ಅವಳು ಜೋರಾಗಿಯೇ ಅಂದದ್ದಕ್ಕೆ ಗುಮಾಸ್ತ ತಿರುಗಿ ನೋಡಿದ.

ಹ್ಯಾಶಿಗೆ ಅಂಟಿಸಿ ನಕ್ಷತ್ರ ಹಾಕಿದಳು, ಹಾಳಾದ್ದು ಮತ್ತೆ ಬೊಟ್ಟಾಯಿತು. ನಡುವೆ ಒಂದು ಜಾಗ ಬಿಟ್ಟು ಹಾಕಿದಳು. ನಂಬರೂ ಬಂತು, ನಕ್ಷತ್ರವೂ ಉಳಿಯಿತು. ಸಾಲಿನ ಆಚೆಗೂ ಈಚೆಗೂ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ ಇಟ್ಟರೆ ಅಕ್ಷರ ದಪ್ಪವಾಗುತ್ತದೆಂದು ಸಹಾಯ ಪುಟ ಹೇಳಿತು. ಅಪಾಯದ ಸಾಲುಗಳನ್ನೆಲ್ಲ ಹಾಗೇ ತಿದ್ದಿದಳು. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು.

ಸಂಜೆ ಇಸ್ತ್ರಿಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ತೋರಿಸಿದಳು. "ತಪ್ಪು ಕಂಡ್ರೆ ನೀನೇ ತಿದ್ದು ಮಾರಾಯ್ತಿ, ನನ್ನ ಕೇಳ್ಬೇಡ." ಮರುದಿನದ ಪರೀಕ್ಷೆಯಲ್ಲಿ ಇಸ್ತ್ರಿಯವಳ ಕೈ ನಕ್ಷತ್ರದ ಸಾಲಿಗೆ ನಿಂತಿತು, ನೀರು ಬಿಟ್ಟಿತು, ಆಮೇಲಷ್ಟೇ ವಾಲ್ವಿಗೆ ಹೋಯಿತು.

ನಿವೃತ್ತಿಯಾದ ಮೊದಲ ಸೋಮವಾರ ಬಾಯ್ಲರಮ್ಮನಿಗೆ ಮನೆಯಲ್ಲಿ ಕೈಕಾಲು ಆಡಲಿಲ್ಲ. ಫೋನಿನಲ್ಲಿ ಆ ಪುಟ ತೆರೆದಳು. ಯಾರೋ ತಿದ್ದಿದ್ದಾರೆ! ಸರಸರನೆ ಕೆಳಗೆ ಸರಿಸಿದಳು. ಕೊನೆಗೊಂದು ಹೊಸ ಸಾಲು. ನಂಬರು, ಜಾಗ, ನಕ್ಷತ್ರ, ದಪ್ಪಕ್ಷರ, ಒಂದೂ ತಪ್ಪಿಲ್ಲ.

"ಬೆಂಕಿಯ ಬಾಗಿಲು ತೆರೆಯುವಾಗ ಎದುರು ನಿಲ್ಲಬಾರದು. ಎಡಕ್ಕೆ ಸರಿಯಬೇಕು. ಅಕ್ಕ ಯಾವಾಗಲೂ ಹಾಗೇ ನಿಲ್ಲುತ್ತಿದ್ದರು."

"ನಾನಾ? ಎಡಕ್ಕಾ?" ಮೂವತ್ತೊಂದು ವರ್ಷದಲ್ಲಿ ಅವಳಿಗೇ ಗೊತ್ತಿರದ ಮಾತು.

ಎದ್ದು ಅಡುಗೆಮನೆಗೆ ಹೋದಳು. ಒಲೆ ಹಚ್ಚಲು ಬಗ್ಗಿ, ಹಾಗೇ ತಡೆದು ಕಾಲು ನೋಡಿಕೊಂಡಳು. ಅವು ಆಗಲೇ ಎಡಕ್ಕೆ ಸರಿದು ನಿಂತಿದ್ದವು.