ನಮ್ಮ ಓಣಿಯ ಭದ್ರತಾ ಮಂಡಳಿ

ಭಾಗೀರಥಿ ಎಂಬ ವೀರನಾರಿ ನಿವೃತ್ತಳಾಗಿ ಮುರಗೋಡದ ಆಚೆಗಿನ ನಮ್ಮೂರಿಗೆ ಮರಳಿದಾಗ ಅವಳ ಬಳಿ ಒಂದು ಟ್ರಂಕು, ಎರಡು ಪದಕ ಮತ್ತು ಒಂದು ಆಕಾಶನೀಲಿ ಕೊರಳವಸ್ತ್ರ ಇದ್ದವು. ಕೇಂದ್ರ ಮೀಸಲು ಪಡೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಹವಾಲ್ದಾರಳು. ಅದರಲ್ಲಿ ಒಂದು ವರ್ಷ ವಿಶ್ವಸಂಸ್ಥೆಯ ಶಾಂತಿಪಡೆಯೊಂದಿಗೆ ಆಫ್ರಿಕಾದಲ್ಲಿದ್ದಳು. ಯುದ್ಧ ಮುಗಿದ ಊರುಗಳಲ್ಲಿ ಹೆಂಗಸರು ಸಂತೆಗೆ ಹೋಗಿ ಸುರಕ್ಷಿತವಾಗಿ ಮರಳಲಿ ಎಂದು ರೈಫಲ್ ಹಿಡಿದು ಕಾವಲು ನಿಂತವಳು.

"ಈ ನೀಲಿ ಅರಿವಿ ಕೊರಳಾಗ ಇದ್ರ ಸಾಕು, ಎಂಥಾ ಕುಡುಕನೂ ದಾರಿ ಬಿಡತಿದ್ದ" ಎನ್ನುತ್ತಿದ್ದಳು. ನಮ್ಮೂರಲ್ಲಿ ಅದನ್ನು ಕಟ್ಟಿಕೊಂಡು ಹಾಲು ತರಲು ಹೋದರೆ ಪರಸಪ್ಪನ ಎಮ್ಮೆಯೂ ದಾರಿ ಬಿಡಲಿಲ್ಲ.

ಆ ಪರಸಪ್ಪನ ಮಗಳೇ ಮಂಜುಳಾ. ತಾಯಿಯಿಲ್ಲದ ಹುಡುಗಿ. ರಾಮದುರ್ಗದ ಕಡೆಯ ಕಲ್ಮೇಶನಿಗೆ ಕೊಟ್ಟಿತ್ತು. ಎರಡು ಸಲ ಹೊಡೆಸಿಕೊಂಡು ತವರಿಗೆ ಬಂದಿದ್ದಳು. ಎರಡೂ ಸಲ ಹಿರಿಯರು ಕಟ್ಟೆಯ ಮೇಲೆ ಕೂತರು, ಕಲ್ಮೇಶ ಕೈ ಮುಗಿದ, ಐವರು ಮುತ್ತೈದೆಯರು ಅಕ್ಕಿ, ಕೊಬ್ಬರಿ, ಅರಿಷಿಣಕೊಂಬು ಹಾಕಿ ಅವಳ ಉಡಿ ತುಂಬಿ ಗಂಡನ ಮನೆಗೆ ಕಳಿಸಿದರು. ಮೂರನೆಯ ಸಲ ಅವಳು ಬಲಗೈ ಮುರಿಸಿಕೊಂಡು ಬಂದಳು. ಹಿರಿಯರು ಮತ್ತೆ ಕಟ್ಟೆ ಜಾಡಿಸಿದರು.

ಈ ಸಲ ತಾನೂ ಕಟ್ಟೆಗೆ ಹೋಗುವುದೆಂದು ಭಾಗೀರಥಿ ಎದ್ದಳು. ಶಾಂತಿಪಡೆಗೆ ಹೋಗುವ ಮುನ್ನ ಅವಳಿಗೊಂದು ಪಾಠ ಆಗಿತ್ತು. ಎರಡು ಸಾವಿರದ ಇಸವಿಯಲ್ಲಿ ಭದ್ರತಾ ಮಂಡಳಿ ಒಂದು ಠರಾವು ಮಾಡಿದೆ, ನಂಬರು ೧೩೨೫. ಶಾಂತಿಯ ಮಾತುಕತೆ ನಡೆಯುವಲ್ಲಿ ಹೆಂಗಸರೂ ಕೂತಿರಬೇಕು ಎಂದು. ಆ ನಂಬರನ್ನು ಅವಳು ಮನೆದೇವರ ಹೆಸರಿನಂತೆ ಬಾಯಿಪಾಠ ಮಾಡಿದ್ದಳು. ನೀಲಿ ವಸ್ತ್ರ ಬಿಗಿದು, ಬೂಟು ಮೆಟ್ಟಿ, ನೆಟ್ಟಗೆ ಹೋಗಿ ಕಟ್ಟೆ ಹತ್ತಿ ಕೂತಳು.

ಪಂಚರ ಮುಖ್ಯ ನಿಜಗುಣಪ್ಪ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದ.

"ಕೆಳಗ ನಿಂತ ಮಾತಾಡವಾ, ಭಾಗೀರಥಿ."

"ಭದ್ರತಾ ಮಂಡಳಿ ಠರಾವ ಐತ್ರಿ ಕಾಕಾ."

"ಯಾವ ಊರಿನ ಮಂಡಳಿ ಅದು? ಬೈಲಹೊಂಗಲದ್ದೇನ?"

"ನ್ಯೂಯಾರ್ಕಿಂದು."

"ಅವರನ್ನ ಕರಕೊಂಡ ಬಾ. ಅವರಿಗೂ ಒಂದ ಚಾ ಹೇಳೋಣು."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಭಾಗೀರಥಿ ಕೊನೆಯ ಅಸ್ತ್ರ ತೆಗೆದಳು. "ವರ್ಷಾ ವರ್ಷಾ ಕಿತ್ತೂರಿಗೆ ಹೋಗಿ ಚೆನ್ನಮ್ಮಗ ಮಾಲಿ ಹಾಕಿ ಬರತೀರಿ. ಅಕಿ ಕುದುರಿ ಮ್ಯಾಲೆ ಕುಂತ್ರ ನಡೀತೈತಿ, ನಾ ಕಟ್ಟಿ ಮ್ಯಾಲೆ ಕುಂತ್ರ ನಡ್ಯಾಂಗಿಲ್ಲೇನ್ರಿ?"

"ಕುದುರಿ ಅಕಿದು. ಕಟ್ಟಿ ನಮ್ಮದು" ಎಂದ ನಿಜಗುಣಪ್ಪ. ಶುಕ್ರವಾರ ಉಡಿ ತುಂಬಿ ಕಳಿಸುವುದೆಂದು ತೀರ್ಮಾನವಾಯಿತು.

ಠಾಣೆಗೆ ಹೋದರೆ ಅಲ್ಲಿನ ಪೇದೆ, "ಮೇಡಮ್ಮಾರ, ಊರಾಗ ಹಿರಿಯಾರು ಅದಾರಲ್ರಿ" ಎಂದು ಅವಳನ್ನು ಗೌರವದಿಂದ ಕೂರಿಸಿ, ಗೌರವದಿಂದ ಎಬ್ಬಿಸಿ ಕಳಿಸಿದ.

ಮನೆಗೆ ಬಂದವಳಿಗೆ ಒಂದು ವಿಚಾರ ಹೊಳೆಯಿತು. ನ್ಯೂಯಾರ್ಕಿನ ಮಂಡಳಿಯಲ್ಲೂ ಕಾಯಂ ಸದಸ್ಯರು ಐವರೇ. ಒಬ್ಬರು ಒಲ್ಲೆ ಎಂದರೆ ಠರಾವು ಬಿತ್ತು. ಉಡಿ ತುಂಬುವ ಮುತ್ತೈದೆಯರೂ ಐವರು. ತಾನು ಗಂಡ ಸತ್ತವಳು, ಆ ಐವರಲ್ಲಿ ಸೇರುವಂತಿಲ್ಲ. ಆದರೆ ಒಬ್ಬಳನ್ನಾದರೂ ಒಲಿಸಬಹುದಲ್ಲ. ಐದೂ ಮನೆಗೆ ರಾಯಭಾರ ಹೋದಳು. ಐದು ಕಡೆ ಚಹಾ ಸಿಕ್ಕಿತು, ವೀಟೊ ಸಿಗಲಿಲ್ಲ.

"ನಾಳೆ ನನ್ನ ಮಗಳ ನ್ಯಾಯಾ ಕಟ್ಟಿಗೆ ಬಂತಂದ್ರ ಇದ ಹಿರಿಯಾರ ಕಾಲ ಹಿಡೀಬೇಕಲ್ಲವಾ" ಎಂದಳು ಐವರಲ್ಲಿ ಹಿರಿಯಳಾದ ಇಂದ್ರವ್ವ. ಭಾಗೀರಥಿ ಮನೆಗೆ ಬಂದು ಸಿಟ್ಟಿಗೆ ಬೂಟು ತಿಕ್ಕಿದಳು. ಅವು ಅಷ್ಟು ಹೊಳೆದದ್ದು ಪರೇಡಿನಲ್ಲೂ ಇಲ್ಲ.

ಶುಕ್ರವಾರ ಐವರೂ ಇಳಕಲ್ ಸೀರೆಯುಟ್ಟು ಪರಸಪ್ಪನ ಮನೆಗೆ ಬಂದರು. ಹೊರಗೆ ಕಲ್ಮೇಶ ಬಾಡಿಗೆ ಟೆಂಪೊದಲ್ಲಿ ಕೂತು ಹಾರ್ನ್ ಬಾರಿಸುತ್ತಿದ್ದ. ಮಂಜುಳಾಳನ್ನು ಮಣೆಯ ಮೇಲೆ ಕೂರಿಸಿದರು. ಇಂದ್ರವ್ವ ಅಕ್ಕಿಯ ಮೊರ ಎತ್ತಿ, "ಉಡಿ ಒಡ್ಡು" ಎಂದಳು.

ಮಂಜುಳಾ ಎಡಗೈಯಿಂದ ಸೆರಗಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನೆಲಕ್ಕೆ ಬಿತ್ತು. ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ತುದಿಯಲ್ಲಿ ಬದನೆಕಾಯಿ ಬಣ್ಣದ ಬೆರಳುಗಳು ಇಣುಕುತ್ತಿದ್ದವು.

"ಯಾರರ ಆ ತುದಿ ಹಿಡೀರಿ" ಎಂದ ಬಾಗಿಲಲ್ಲಿ ನಿಂತ ನಿಜಗುಣಪ್ಪ.

ಯಾರೂ ಹಿಡಿಯಲಿಲ್ಲ. ಇಂದ್ರವ್ವ ಆ ಬೆರಳುಗಳನ್ನು ಬಹಳ ಹೊತ್ತು ನೋಡಿ ಮೊರ ಕೆಳಗಿಟ್ಟಳು.

"ಎರಡೂ ಕೈಲೆ ಒಡ್ಡಬೇಕ್ರಿ. ನಮ್ಮತ್ತಿ ಕಾಲದಿಂದ ಪದ್ಧತಿ ಐತಿ."

"ಪದ್ಧತಿ ನನಗ ಕಲಿಸ್ತಿಯೇನ?"

"ಕಟ್ಟಿ ಪದ್ಧತಿ ನೀವು ನೋಡ್ಕೋರಿ. ಉಡಿದು ನಾವು ನೋಡತೇವಿ."

ಉಳಿದ ನಾಲ್ವರೂ ಸೆರಗು ಹೊದ್ದು ಎದ್ದರು. ನಿಜಗುಣಪ್ಪ ಗಂಟಲು ಸರಿಪಡಿಸಿಕೊಂಡು, "ಆತು, ಪ್ಲಾಸ್ಟರ್ ಬಿಚ್ಚೂತನಕ ಇರ್ಲಿ" ಎಂದ. ಟೆಂಪೊ ಖಾಲಿ ಹೋಯಿತು.

ಜಗತ್ತಿನ ಠರಾವು ಸೋತಲ್ಲಿ ಇಂದ್ರವ್ವನ ಅತ್ತೆ ಗೆದ್ದಿದ್ದು ಭಾಗೀರಥಿಗೆ ಅಷ್ಟೇನೂ ಹಿಡಿಸಲಿಲ್ಲ. ಆದರೂ ಸಿಕ್ಕ ಕದನವಿರಾಮವನ್ನು ಬಿಡುವ ಸಿಪಾಯಿ ಅವಳಲ್ಲ. ಮಂಜುಳಾಳನ್ನು ವಕೀಲರ ಬಳಿ ಕರೆದೊಯ್ದು, ಗಂಡ ಹತ್ತಿರ ಸುಳಿಯದಂತೆ ರಕ್ಷಣೆ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿಸಿದಳು. ಪ್ಲಾಸ್ಟರಿಗೆ ಇನ್ನು ಐದು ವಾರ ಉಳಿದಿತ್ತು. ಕೋರ್ಟಿನ ತಾರೀಖು ಒಂಬತ್ತು ವಾರಕ್ಕೆ ಬಂತು.

ಐದು ವಾರ ಕಳೆದು ಬೈಲಹೊಂಗಲದ ಡಾಕ್ಟರು ಪ್ಲಾಸ್ಟರ್ ಕತ್ತರಿಸಿ, "ಎಲುಬು ಚಂದ ಕೂಡೇತಿ" ಎಂದರು.

"ಇಷ್ಟ ಲಗೂನ ಯಾಕ ಕೂಡಿತ್ರಿ?" ಎಂದಳು ಭಾಗೀರಥಿ.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಇನ್ನೂ ನೋವೈತೇನು?"

"ಇರಬೇಕ್ರಿ. ತಾರೀಖಿನತನಕ ಇರಬೇಕು."

ಮನೆಗೆ ಬಂದು ಟ್ರಂಕು ತೆರೆದು ನೀಲಿ ವಸ್ತ್ರ ತೆಗೆದಳು. ಗಂಟು ಹಾಕಿ ಜೋಳಿಗೆ ಮಾಡಿ, ಮಂಜುಳಾಳ ಬಲಗೈಯನ್ನು ಎದೆಗೆ ತೂಗಹಾಕಿದಳು.

ಈಗ ಹಿತ್ತಲಲ್ಲಿ ಆ ಕೈ ಕೊಡ ಎತ್ತುತ್ತದೆ, ರೊಟ್ಟಿ ಬಡಿಯುತ್ತದೆ. ಓಣಿಯ ಹೆಂಗಸರಿಗೆಲ್ಲ ಅದು ಗೊತ್ತು. ಅಂಗಳಕ್ಕೆ ಬಂದೊಡನೆ ಅದು ನೀಲಿ ಜೋಳಿಗೆ ಸೇರುತ್ತದೆ. ದಿನಾ ಸಂಜೆ ನಿಜಗುಣಪ್ಪ ಹಾದು ಹೋಗುವಾಗ ಕೇಳುತ್ತಾನೆ.

"ಕೈ ಹೆಂಗೈತಿ, ಮಂಜುಳಾ?"

"ಬಾಳ ನೋಯ್ತೈತ್ರಿ ಕಾಕಾ."

"ಎತ್ತಾಕ ಬರೂದಿಲ್ಲ ಪಾಪ, ನಾನ ನೋಡೇನಿ" ಎಂದು ಎದುರುಮನೆಯಿಂದ ಇಂದ್ರವ್ವ ಸಾಕ್ಷಿ ನುಡಿಯುತ್ತಾಳೆ.

ಭಾಗೀರಥಿ ಜೋಳ ಹಸನು ಮಾಡುತ್ತ, ಸಿಕ್ಕ ಒಂದೊಂದು ಕಲ್ಲನ್ನೂ ಕಟ್ಟೆಯ ದಿಕ್ಕಿಗೆ ಎಸೆಯುತ್ತಾಳೆ. ತಾರೀಖಿಗೆ ಇನ್ನೂ ಹದಿನೇಳು ದಿನವಿದೆ.