ಹೋಗಿ ಬರ್ತೇನೆ ಎಂದ ಫಿಲ್ಲಿ ಆಂಟಿ

ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವವರೆಗೆ ಫಿಲ್ಲಿ ಆಂಟಿ ಸೊಂಟ ಬಗ್ಗಿಸಿಯೇ ನಿಂತಿರುತ್ತಿದ್ದರು. ಬೀಳ್ಕೊಡುವುದೆಂದರೆ ಜಪಾನಿನಲ್ಲಿ ಹಾಗಂತೆ. ನೈರೋಬಿಯ ಕಿಲಿಮಾನಿ ಬಡಾವಣೆಯಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಈ ಶಿಷ್ಟಾಚಾರ ಎಲ್ಲಿಂದ ಗೊತ್ತಾಗಬೇಕು? ಅದರ ಬಾಗಿಲು ಅರ್ಧ ಮುಚ್ಚಿ, ಏನೋ ಮರೆತವರ ಹಾಗೆ ಮತ್ತೆ ತೆರೆದುಕೊಳ್ಳುತ್ತಿತ್ತು. ಆಂಟಿ ಎದ್ದು ನಿಲ್ಲುತ್ತಿದ್ದರು, ಒಳಗಿದ್ದ ನನ್ನ ಮುಖ ಕಂಡು ಮತ್ತೆ ಬಗ್ಗುತ್ತಿದ್ದರು. ನಾನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

"ನಗಾಡು, ನಗಾಡು. ಸೊಂಟ ಹಿಡಿದರೆ ಎಣ್ಣೆ ತಿಕ್ಕಲಿಕ್ಕೆ ನೀನೇ ಬರಬೇಕು, ನೆನಪಿರಲಿ" ಎಂದು ಅವರು ಬಗ್ಗಿದಲ್ಲಿಂದಲೇ ಹೇಳುತ್ತಿದ್ದರು.

ಪೂರ್ತಿ ಹೆಸರು ಫಿಲೋಮಿನಾ. ಮಂಗಳೂರಿನವರು, ಮದುವೆಯಾಗಿ ನೈರೋಬಿಗೆ ಬಂದವರು, ಅಂಕಲ್ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ನಾನು ಮೈಸೂರಿನವಳು, ಗಂಡ ಪ್ರಸನ್ನನನ್ನು ಅವನ ಕಂಪನಿ ಇಲ್ಲಿಗೆ ಕಳಿಸಿದ್ದರಿಂದ ಜೊತೆಗೆ ಬಂದವಳು. ನಮ್ಮದು ಎದುರುಬದುರು ಬಾಗಿಲು. ನನ್ನ "ಇದೆ"ಗೆ ಅವರು "ಉಂಟು" ಎನ್ನುತ್ತಿದ್ದರು, ನನ್ನ ಸಾರಿಗೆ "ಬೆಲ್ಲ ಹಾಕಿ ಹಾಳು ಮಾಡಿದ್ದೀ" ಎನ್ನುತ್ತಿದ್ದರು, ಆಮೇಲೆ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಆ ಊರಿನಲ್ಲಿ ನನಗೆ ತವರು ಅಂತ ಇದ್ದದ್ದು ಆ ಎದುರು ಬಾಗಿಲೊಂದೇ.

ಆಂಟಿ ಕೆಲಸ ಮಾಡಿದ್ದು ಒಂದು ಟ್ರಾವೆಲ್ ಏಜೆನ್ಸಿಯಲ್ಲಿ. "ಲೋಕಕ್ಕೆಲ್ಲ ಟಿಕೆಟ್ ಮಾಡಿಕೊಟ್ಟೆ ಮಾರಾಯ್ತಿ. ನಾನು ಮಾತ್ರ ನೈರೋಬಿ ಬಿಟ್ಟರೆ ಮಂಗಳೂರು, ಮಂಗಳೂರು ಬಿಟ್ಟರೆ ನೈರೋಬಿ" ಎಂದು ಹೇಳಿಕೊಳ್ಳುತ್ತಿದ್ದರು. ನಿವೃತ್ತಿಯಾದದ್ದೇ ತಡ, ಒಬ್ಬರೇ ಜಪಾನಿಗೆ ಹೊರಟುಬಿಟ್ಟರು. ಅಷ್ಟು ದೇಶಗಳಿರುವಾಗ ಜಪಾನೇ ಯಾಕೆ ಎಂದು ಕೇಳಿದ್ದೆ.

"ಅಲ್ಲಿ ನನ್ನ ಗುರ್ತದವರು ಒಬ್ಬರೂ ಇಲ್ಲ. ಅದಕ್ಕೇ" ಎಂದರು.

ಹೋದವರು ಆಂಟಿ, ಬಂದವರು ಅರ್ಧ ಜಪಾನಿ. ನಮ್ಮ ಬಾಗಿಲ ಮುಂದೆ ರಾಶಿ ಬಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ, ಮೂತಿ ಹೊರಗಡೆಗೆ ತಿರುಗಿಸಿಟ್ಟೇ ಒಳಗೆ ಬರುತ್ತಿದ್ದರು. "ಹೊರಡುವಾಗ ಕಾಲು ಹಾಕಿದರೆ ಆಯ್ತು, ತಿರುಗಬೇಕಂತಿಲ್ಲ" ಎಂಬ ವಿವರಣೆ. ಅಲ್ಲಿ ಬೀದಿಯಲ್ಲಿ ಕಸದ ಡಬ್ಬಿಯೇ ಇಲ್ಲವಂತೆ, ಕಸವೂ ಇಲ್ಲವಂತೆ, ಅವರವರ ಕಸ ಅವರವರ ಚೀಲದಲ್ಲಿ. ಹಾಗಾಗಿ ಬಾಳೆಹಣ್ಣಿನ ಸಿಪ್ಪೆ ಹೊತ್ತ ಹ್ಯಾಂಡ್‌ಬ್ಯಾಗಿನೊಂದಿಗೆ ಚರ್ಚಿಗೂ ಹೋಗಿಬಂದರು. ಅಲ್ಲಿಯ ಟ್ಯಾಕ್ಸಿಗಳ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆಂದು ಇಲ್ಲಿಯೂ ಟ್ಯಾಕ್ಸಿ ಬಂದರೆ ಸುಮ್ಮನೆ ಎದುರಿಗೆ ನಿಂತುಬಿಡುತ್ತಿದ್ದರು. ಚಾಲಕ ಒಳಗೆ, ಆಂಟಿ ಹೊರಗೆ, ಇಬ್ಬರೂ ಒಬ್ಬರಿಗೊಬ್ಬರು ಕಾಯುವುದು. ಕೊನೆಗೆ ವಾಚ್‌ಮನ್ ಕಮಾವು ಓಡಿಬಂದು ಬಾಗಿಲು ತೆಗೆಯಬೇಕಾಗುತ್ತಿತ್ತು.

ಒಮ್ಮೆ ಮಟಾಟುವಿನಲ್ಲಿ ನನ್ನನ್ನೂ ಕರೆದುಕೊಂಡು ಹೊರಟಿದ್ದರು. ನೈರೋಬಿಯ ಈ ಬಾಡಿಗೆ ವ್ಯಾನುಗಳಲ್ಲಿ ಹಾಡು ಎಷ್ಟು ಜೋರೆಂದರೆ ಸೀಟು ನಡುಗುತ್ತದೆ. ಜಪಾನಿನ ರೈಲಿನಲ್ಲಿ ಯಾರೂ ಫೋನಿನಲ್ಲಿ ಸಹ ಮಾತಾಡುವುದಿಲ್ಲ ಎಂದು ಆಂಟಿ ನನ್ನ ಕಿವಿಯಲ್ಲಿ ಕಿರುಚಿದರು. ಆಮೇಲೆ ಕಂಡಕ್ಟರನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ತಲೆ ಬಾಗಿಸಿದರು. ಆತ "ಸವಾ, ಮಾಮಾ", ಆಯ್ತಮ್ಮಾ, ಎಂದು ಅವರಂತೆಯೇ ತಲೆ ಬಾಗಿಸಿ, ಹಾಡು ತಗ್ಗಿಸಿದ. ಮುಂದಿನ ಸ್ಟೇಜ್ ಬಂದದ್ದೇ ಮತ್ತೆ ಏರಿಸಿದ. "ಒಂದು ಸ್ಟೇಜಿನಷ್ಟಾದರೂ ಜಪಾನ್ ಆಯ್ತಲ್ಲ" ಎಂದು ಆಂಟಿಗೆ ಖುಷಿಯೋ ಖುಷಿ.

ತಮ್ಮ ಪೇಚಾಟಗಳನ್ನೂ ಮುಚ್ಚಿಡುತ್ತಿರಲಿಲ್ಲ. ಅಲ್ಲಿ ಕಕ್ಕಸಿಗೇ ಬೇರೆ ಚಪ್ಪಲಿ; ಆಂಟಿ ಅದನ್ನು ಬಿಚ್ಚಲು ಮರೆತು ಊಟದ ಕೋಣೆಗೆ ನಡೆದುಬಿಟ್ಟಿದ್ದರಂತೆ. "ಎಲ್ಲರೂ ನನ್ನ ಕಾಲು ನೋಡುವುದು. ನಾನು ಗ್ರಹಿಸಿದೆ, ನನ್ನ ಕಾಲ್ಗೆಜ್ಜೆ ಚಂದ ಉಂಟು ಅಂತ."

ಆದರೆ ಇವೆಲ್ಲಕ್ಕಿಂತ ಅವರಿಗೆ ಪ್ರೀತಿ ಒಂದು ಮಾತಿನ ಮೇಲೆ. ಕಾನಾಜಾವಾ ಎಂಬ ಊರಿನಲ್ಲಿ ಫುಮಿಕೋ ಎಂಬ ಅಜ್ಜಿಯೊಬ್ಬರ ಸಣ್ಣ ವಸತಿಗೃಹದಲ್ಲಿ ಅವರು ಉಳಿದಿದ್ದರು. ಬೆಳಗ್ಗೆ ಊರು ಸುತ್ತಲು ಹೊರಟಾಗ ಅಜ್ಜಿ ಬಾಗಿಲಿಗೆ ಬಂದು, "ಇತ್ತೆಕಿಮಾಸ್" ಎನ್ನಬೇಕೆಂದು ಕಲಿಸಿದರಂತೆ. ಹೋಗಿ ಬರ್ತೇನೆ ಎಂದರ್ಥ. ಸಂಜೆ ಬಂದ ಕೂಡಲೇ "ತದಾಯಿಮಾ", ಬಂದೆ. ಅದಕ್ಕೆ ಅಜ್ಜಿಯ ಉತ್ತರ "ಒಕಾಎರಿ", ಬಂದೆಯಾ.

"ನಮ್ಮದೇ ಮಾತು ನೋಡು. ನಾವು ಹೋಗ್ತೇನೆ ಅಂತ ಬಾಯಿ ತಪ್ಪಿಯೂ ಹೇಳುವುದುಂಟಾ? ಮತ್ತೆ ಈ ಇತ್ತೆ ಉಂಟಲ್ಲ, ತುಳುವಿನಲ್ಲಿ ಇತ್ತೆ ಅಂದರೆ ಈಗ. ಇತ್ತೆ ಬರ್ಪೆ, ಈಗ ಬರ್ತೇನೆ. ನಾನು ಹಾಗೇ ನೆನಪಿಟ್ಟುಕೊಂಡದ್ದು." ಆಮೇಲೆ, "ಅಂಕಲ್ ಹೋದ ಮೇಲೆ ಬಂದೆ ಅಂತ ಹೇಳಲಿಕ್ಕೆ ಮನೆಯಲ್ಲಿ ಜನ ಇರಲಿಲ್ಲ" ಎಂದರು. ಅಂದಿನಿಂದ ಮೆಟ್ಟಿಲ ಬಳಿ ಅವರ ಹೆಜ್ಜೆ ಸಪ್ಪಳ ಕೇಳಿದರೆ ನಾನೇ ಬಾಗಿಲು ತೆಗೆದು "ಬಂದ್ರಾ ಆಂಟಿ?" ಎನ್ನತೊಡಗಿದೆ.

ಪ್ರಸನ್ನನ ಆಫೀಸಿನ ತಾನಾಕಾ ಎಂಬ ಜಪಾನಿಯನ್ನು ನಾವು ಊಟಕ್ಕೆ ಕರೆದದ್ದು ಆಮೇಲೆ. ಆಂಟಿ ಮೊದಲೇ ಬಂದು ಮನೆಯನ್ನು ತಹಬಂದಿಗೆ ತಂದರು. ಪ್ರಸನ್ನನಿಗೆ ಬಗ್ಗುವುದನ್ನು ಕಲಿಸಿದರು. ತಾನಾಕಾ ಬಾಗಿಲಲ್ಲಿ ಕಂಡದ್ದೇ ಆಂಟಿ ಸೊಂಟ ಬಗ್ಗಿಸಿದರು; ನೈರೋಬಿಯಲ್ಲಿ ಹಳಬರಾಗಿದ್ದ ತಾನಾಕಾ ಅದೇ ಹೊತ್ತಿಗೆ ಕೈಕುಲುಕಲು ಕೈ ಚಾಚಿದರು. ಕೈ ಹೋಗಿ ಆಂಟಿಯ ತಲೆಯ ಮೇಲೆ ಕೂತಿತು. ಥೇಟ್ ಪಾದ್ರಿಗಳ ಆಶೀರ್ವಾದ. ಆಮೇಲೆ ಆತ ಬಿಸಿಬೇಳೆಬಾತನ್ನು ಕೈಯಲ್ಲೇ ಕಲಸಿ ಉಂಡದ್ದನ್ನು ಆಂಟಿ ಸ್ವಲ್ಪ ನಿರಾಸೆಯಿಂದಲೇ ನೋಡಿದರು.

ಊಟದ ನಡುವೆ ಆಂಟಿ ತಮ್ಮ ಪ್ರೀತಿಯ ಮಾತಿನ ಕಥೆ ತೆಗೆದರು. ಕೊನೆಯ ದಿನ ಪೆಟ್ಟಿಗೆ ಹಿಡಿದು ಹೊರಟಾಗಲೂ ಅಜ್ಜಿಗೆ "ಇತ್ತೆಕಿಮಾಸ್" ಎಂದೇ ಹೇಳಿ ಬಂದೆನೆಂದರು. ತಾನಾಕಾ ಉಣ್ಣುವುದನ್ನು ನಿಲ್ಲಿಸಿ ನಕ್ಕರು. ಹೋಟೆಲು ಬಿಟ್ಟು ಹೊರಡುವವರು ಹಾಗೆ ಹೇಳುವುದಿಲ್ಲ, ಅದಕ್ಕೆ ಬೇರೆ ಮಾತಿದೆ, ಇದು ಮನೆಯವರು ಮನೆಗೆ ಹೇಳುವ ಮಾತು, ಹೇಳಿದವರು ವಾಪಸ್ ಬರಲೇಬೇಕು ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಅಜ್ಜಿ ನಿಮಗಾಗಿ ರಾತ್ರಿಯೂಟ ಎತ್ತಿಟ್ಟಿರಬೇಕು ಎಂದು ತಮಾಷೆಯನ್ನೂ ಮಾಡಿದರು.

ನಾವೆಲ್ಲ ನಕ್ಕೆವು. ಆಂಟಿ ನಗಲಿಲ್ಲ.

ಮರುದಿನ ಬೆಳಗ್ಗೆಯೇ ನಮ್ಮ ಅಡುಗೆಮನೆಯಲ್ಲಿ ಹಾಜರು. "ಅಜ್ಜಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ್ದರು. ನಾನು ಬೇಜಾರಲ್ಲಿ ನೋಡುವುದು ಅಂದುಕೊಂಡೆ. ಈಗ ಗೊತ್ತಾಯ್ತು. ಬರ್ತೇನೆ ಅಂತ ಮಾತು ಕೊಟ್ಟ ಹಾಗಾಯ್ತಲ್ಲ?"

"ಅಯ್ಯೋ, ಫಾರಿನ್‌ನವರು, ಗೊತ್ತಿಲ್ಲದೆ ಅಂದ್ರು ಅಂತ ಅವರಿಗೂ ಗೊತ್ತಿರುತ್ತೆ ಬಿಡಿ ಆಂಟಿ."

"ಅವರಿಗೆ ಗೊತ್ತಿರಬಹುದು. ನಾನು ಹೇಳಿದ್ದು ನನಗೆ ಗೊತ್ತುಂಟಲ್ಲ."

ಫೋನು ಮಾಡೋಣವೆಂದರೆ ಇಬ್ಬರಿಗೂ ಸೇರಿ ಬರುವ ಭಾಷೆಯಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಆ ವಸತಿಗೃಹದ ಹೆಸರೇ ಅಲ್ಲಿಂದ ಮಾಯವಾಗಿತ್ತು. ಅಜ್ಜಿ ಇದ್ದಾರೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಲೋಕಕ್ಕೆಲ್ಲ ಟಿಕೆಟ್ ಮಾಡಿಕೊಟ್ಟವರು ತಮಗೊಂದು ಟಿಕೆಟ್ ಮಾಡಿಕೊಂಡರು. "ಹೋಗಿ ನೋಡಿದರೆ ಗೊತ್ತಾಗ್ತದೆ. ಇದ್ದರೆ ಬಂದೆ ಅಂತ ಹೇಳುವುದು. ಇಲ್ಲದಿದ್ದರೆ ಬಾಗಿಲಿಗಾದರೂ ಹೇಳಿ ಬರುವುದು."

ಅಷ್ಟರಲ್ಲಿ ಪ್ರಸನ್ನನಿಗೆ ಬೆಂಗಳೂರಿಗೆ ವಾಪಸ್ ಬರಲು ಆದೇಶ ಬಂದಿತ್ತು. ಜಪಾನ್ ಮುಗಿಸಿ, ಮಂಗಳೂರು ನೋಡಿಕೊಂಡು ಆಂಟಿ ಬರುವ ಹೊತ್ತಿಗೆ ಎದುರು ಬಾಗಿಲಲ್ಲಿ ನಾವಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆಂಟಿ ಹೊರಟ ದಿನ ಲಿಫ್ಟಿನ ಒಳಗೆ ಅವರು, ಹೊರಗೆ ನಾನು.

"ಹೋಗಿ ಬರ್ತೇನೆ" ಎಂದರು.

"ಹೋಗಿ ಬನ್ನಿ ಆಂಟಿ" ಎಂದು ನಾನು ಸೊಂಟ ಬಗ್ಗಿಸಿದೆ. ಬಾಗಿಲು ಎಂದಿನಂತೆ ಅರ್ಧ ಮುಚ್ಚಿ ಮತ್ತೆ ತೆರೆಯಿತು. ಈ ಸಲ ನಗು ಬರಲಿಲ್ಲ. ಕಣ್ಣು ತುಂಬಿಕೊಂಡದ್ದು ಕಾಣದಿರಲೆಂದು ನಾನು ಬಗ್ಗಿದವಳು ಏಳಲೇ ಇಲ್ಲ.

ನಾವು ಸಾಮಾನು ಕಟ್ಟುತ್ತಿದ್ದಾಗ ಫೋನಿಗೆ ಆಂಟಿಯ ಧ್ವನಿ ಸಂದೇಶ ಬಂತು. ಮೊದಲು ಮರದ ಬಾಗಿಲು ಸರಿಯುವ ಸದ್ದು. "ತದಾಯಿಮಾ" ಎಂದು ಆಂಟಿ. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಕೊನೆಗೆ ಒಳಗೆಲ್ಲಿಂದಲೋ ಹಣ್ಣು ಹಣ್ಣು ಮುದುಕಿಯ ದನಿಯೊಂದು, "ಒಕಾಎರಿ", ಅದರ ಹಿಂದೆಯೇ ಉದ್ದನೆಯ ಮಾತಿನ ಮಳೆ. ಕೊನೆಯಲ್ಲಿ ಆಂಟಿಯ ಪಿಸುಮಾತು: "ಕೇಳಿತಾ? ವಯಸ್ಸಾಯ್ತು ಅಂತ ಹೋಟೆಲು ಮಾತ್ರ ಮುಚ್ಚಿದ್ದು, ಕಾಣ್ತದೆ. ಅಜ್ಜಿ ಎಂತ ಹೇಳುವುದು ಅಂತ ಗೊತ್ತಾಗುದಿಲ್ಲ. ಬೈಯುವುದೇ ಇರಬೇಕು. ತಡ ಮಾಡಿ ಬಂದರೆ ನನ್ನ ಅಮ್ಮನೂ ಹೀಗೇ ಬೈತಿದ್ದದ್ದು."

ಹೊರಡುವ ದಿನ ನಮ್ಮ ಮನೆಗೆ ಬೀಗ ಹಾಕಿ, ಮುಚ್ಚಿದ್ದ ಎದುರು ಬಾಗಿಲಿಗೆ ತಲೆಬಾಗಿ, "ಹೋಗಿ ಬರ್ತೀನಿ ಆಂಟಿ" ಎಂದೆ. ಪೆಟ್ಟಿಗೆ ಹಿಡಿದು ನಿಂತಿದ್ದ ಕಮಾವು ಹಾಗೆಂದರೇನು ಎಂದು ಕೇಳಿದ. ಹೇಳಿದೆ.

ಬೆಂಗಳೂರಿಗೆ ಬಂದು ಮನೆ ಹೊಂದಿಸಿಕೊಳ್ಳುವಷ್ಟರಲ್ಲಿ ಆಂಟಿ ನೈರೋಬಿಗೆ ಮರಳಿದ್ದರು. ಒಂದು ಭಾನುವಾರ ಮತ್ತೆ ಅವರ ಧ್ವನಿ. "ನನ್ನ ಬಾಗಿಲಿಗೆ ಬಗ್ಗಿ, ಹೋಗಿ ಬರ್ತೀನಿ ಅಂತ ಹೇಳಿ ಹೋದಿಯಂತೆ, ಕಮಾವು ಹೇಳಿದ. ಅರ್ಥ ಗೊತ್ತಿದ್ದೇ ಹೇಳಿದ್ದಲ್ವಾ? ಇವತ್ತು ಸಾನ್ನಾ ಮಾಡಿದ್ದೆ, ನೀನು ಇಡ್ಲಿ ಅಂತ ಕರೆಯುವುದು. ನಿನ್ನ ಪಾಲಿನದ್ದು ಮುಚ್ಚಿಟ್ಟಿದ್ದೇನೆ."

ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತೇ ಕೇಳಿಸಿಕೊಂಡೆ. ನನಗೆ ಬರುವ ತುಳು ಎರಡೇ ಪದ, ಅವನ್ನೇ ಹೇಳಿ ಕಳಿಸಿದೆ: "ಇತ್ತೆ ಬರ್ಪೆ."