ಬೀಡಿ ಬಿಡಿಸಿದ ಮಾಲೆ

ಬೀಡಿ ಬಿಟ್ಟು ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಬೆನ್ನು ತಟ್ಟುತ್ತಾರೆ, ನಮ್ಮನೆಯವರಿಗೂ ಸ್ವಲ್ಪ ಬುದ್ಧಿ ಹೇಳಿ ಎನ್ನುತ್ತಾರೆ. ನಾನು ಹೇಳುವುದಿಲ್ಲ. ಒಬ್ಬನಿಗೆ ಹೇಳಿ ಆಗಿದೆ, ಅಷ್ಟು ಸಾಕು.

ಆ ಒಬ್ಬ ಭದ್ರಾವತಿಯ ಕಾರ್ಖಾನೆಯಲ್ಲಿ ನನ್ನ ಪಾಳಿಯವನು. ನಾನು ಕೆಳಗೆ ಫಿಟ್ಟರ್, ಅವನು ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನಾನು ಶಿವಮೊಗ್ಗದ ರವೀಂದ್ರನಗರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಮಲವಗೊಪ್ಪ ದಾಟುವಷ್ಟರಲ್ಲಿ ನನ್ನದು ಎರಡು ಬೀಡಿ ಮುಗಿದಿರುತ್ತಿತ್ತು. ಬಸ್ಸಿನಲ್ಲಿ ಸೇದಬೇಡ ಎನ್ನುವ ಗಂಡಸು ಆಗ ಇನ್ನೂ ಹುಟ್ಟಿರಲಿಲ್ಲ, ಹೇಳುತ್ತಿದ್ದ ಹೆಂಗಸರ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಯಾರಾದರೂ ತಾನು ಹಚ್ಚಿದ ಬೀಡಿಯನ್ನು ನಿಮ್ಮ ಕಡೆ ಚಾಚಿದರೆ ಬೇಡ ಎನ್ನುವ ಹಾಗಿಲ್ಲ. ಒಂದು ದಮ್ಮು ಎಳೆದು ವಾಪಸು ಕೊಡಬೇಕು. ಬೇಡ ಎಂದರೆ ಅವನ ಎಂಜಲು ನಿಮಗೆ ಆಗುವುದಿಲ್ಲ ಎಂದರ್ಥ, ಅಂದರೆ ಅವನೇ ನಿಮಗೆ ಆಗುವುದಿಲ್ಲ ಎಂದರ್ಥ. ಜಾತಿ, ಭಾಷೆ, ಯೂನಿಯನ್ನು ಎಲ್ಲದರಲ್ಲೂ ಕಿತ್ತಾಡುತ್ತಿದ್ದ ನಾವು ಈ ಒಂದರಲ್ಲಿ ಮಾತ್ರ ಒಂದಾಗಿದ್ದೆವು. ನಾವೇನೋ ದೊಡ್ಡ ಮನುಷ್ಯರು ಎಂದು ಅದಕ್ಕೆ ಹೆಮ್ಮೆಪಟ್ಟುಕೊಂಡಿದ್ದೂ ಉಂಟು.

ಒಂದು ಮಳೆಗಾಲದಲ್ಲಿ ಅವನು ಕ್ರೇನಿನ ಏಣಿ ಹತ್ತುವಾಗ ನಡುನಡುವೆ ನಿಲ್ಲತೊಡಗಿದ. ಮೀನಖಂಡ ಹಿಡಿದುಕೊಳ್ಳುತ್ತದೆ ಎಂದ. ಆಮೇಲೆ ಬಲಗಾಲಿನ ಹೆಬ್ಬೆರಳು ನೇರಳೆ ಬಣ್ಣಕ್ಕೆ ತಿರುಗಿತು. ಶಿವಮೊಗ್ಗದ ಡಾಕ್ಟರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ. ಅವನ ಜೇಬಿನಿಂದ ಬೀಡಿ ಕಟ್ಟನ್ನು ತಾವೇ ತೆಗೆದು ಮೇಜಿನ ಮೇಲಿಟ್ಟರು.

"ಇದು ಬೇಕಾ, ಕಾಲು ಬೇಕಾ? ಇಲ್ಲೇ ಹೇಳಿ ಹೋಗಿ."

"ಕಾಲು ಸಾರ್," ಎಂದ ಅವನು.

ಬೀಡಿಯಿಂದ ರಕ್ತನಾಳ ಮುಚ್ಚಿಕೊಳ್ಳುತ್ತಿದೆ, ಇವತ್ತೇ ನಿಲ್ಲಿಸಿದರೆ ಕಾಲು ಉಳಿದೀತು ಎಂದು ಡಾಕ್ಟರು ಬಿಡಿಸಿ ಹೇಳಿದರು. ಕೊನೆಗೆ ಇನ್ನೊಂದು ಮಾತನ್ನೂ ಹೇಳಿದರು: "ಮೆತ್ತನೆ ಚಪ್ಪಲಿ ಹಾಕ್ಕೊಂಡೇ ಓಡಾಡಬೇಕು. ಗಾಯ ಆಯ್ತೋ, ಮಾಯೋದಿಲ್ಲ." ನಾನು ಪಕ್ಕದಲ್ಲೇ ನಿಂತಿದ್ದೆ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು.

ಹೊರಗೆ ಬಂದ ಮೇಲೆ ಅವನ ಮುಖ ನೋಡಲಾಗದೆ, "ನಿನ್ನ ಜೊತೆ ನಾನೂ ಬಿಡ್ತೀನಿ ಮಾರಾಯ, ಯಾಕೆ ಹೆದರ್ತೀಯ?" ಎಂದುಬಿಟ್ಟೆ. ನನಗೆ ಬೀಡಿ ಬಿಡುವ ಆಸೆ ಒಂದಿಷ್ಟೂ ಇರಲಿಲ್ಲ. ಮಾತು ಆಡಿದರೆ ಹೋಯಿತು.

ನಾಲ್ಕು ತಿಂಗಳು ಒದ್ದಾಡಿದೆವು. ಲವಂಗ, ಪೆಪ್ಪರ್‌ಮೆಂಟು, ಅಡಿಕೆ ಎಲ್ಲ ಆಯಿತು. ನಮ್ಮನ್ನು ಕೆಡಿಸಿದ್ದು ಜನರ ಪ್ರೀತಿ. ಗೇಟಿನ ಎದುರು ಒಂದು ಗೂಡಂಗಡಿ, ಅದರ ಕಂಬಕ್ಕೆ ಬೀಡಿ ಹಚ್ಚಿಕೊಳ್ಳಲು ಸದಾ ಕಿಡಿ ಹೊತ್ತಿರುವ ಒಂದು ತೆಂಗಿನ ಹಗ್ಗ. ಅಂಗಡಿಯವನಿಗೆ ಇವನ ಕಾಲಿನ ವಿಷಯ ಗೊತ್ತಿತ್ತು. ಕೊಡಬೇಡ ಎಂದು ಇವನ ಹೆಂಡತಿ ಬಂದು ಕೈಮುಗಿದು ಹೇಳಿ ಹೋಗಿದ್ದಳು. "ಅಯ್ಯೋ ಕೊಡಲ್ಲಮ್ಮ," ಎಂದವನು, ಮರುದಿನ ಇವನ ಸಪ್ಪೆ ಮುಖ ನೋಡಲಾಗದೆ ಒಂದೇ ಒಂದು ಎಂದು ಕೊಡುತ್ತಿದ್ದ. ಪಾಳಿಯವರೂ ಹಾಗೆಯೇ. ಕಾಲು ನೋವಿನಲ್ಲಿರುವವನಿಗೆ ಒಂದು ದಮ್ಮು ಕೊಡದೆ ತಾವು ಹೇಗೆ ಸೇದುವುದು ಎಂದು ಅವರಿಗೆ ಕರುಳು ಚುರ್ರೆನ್ನುತ್ತಿತ್ತು. ಚಾಚಿದ ಬೀಡಿಯನ್ನು ಬೇಡ ಎನ್ನಲು ಅವನಿಗೂ ಬಾಯಿ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ.

ಆಗ ನನಗೆ ಮಾಲೆ ಹೊಳೆಯಿತು. ಎಷ್ಟು ಜಾಣ ನಾನು!

ನಮ್ಮ ಕಾರ್ಖಾನೆಯಲ್ಲಿ ಡಿಸೆಂಬರ್ ಬಂತೆಂದರೆ ಅರ್ಧ ಜನ ಕಪ್ಪು ಪಂಚೆಯಲ್ಲಿರುತ್ತಿದ್ದರು. ಅಯ್ಯಪ್ಪನ ಮಾಲೆ ಹಾಕಿ ನಲವತ್ತೊಂದು ದಿನ ವ್ರತ. ತಣ್ಣೀರಿನ ಸ್ನಾನ, ಒಪ್ಪೊತ್ತು ಊಟ, ನೆಲದ ಮೇಲೆ ನಿದ್ದೆ, ಬರಿಗಾಲು. ಕುಡಿತ, ಬೀಡಿ ಮುಟ್ಟುವ ಹಾಗಿಲ್ಲ. ಮಾಲೆ ಹಾಕಿದವನಿಗೆ ಹೆಸರೂ ಇಲ್ಲ, ಎಲ್ಲರೂ ಸ್ವಾಮಿಗಳೇ. ಮಾಲೆ ಹಾಕಿಕೊಂಡೇ ಕದ್ದು ಸೇದುವ ಭೂಪರೂ ಇದ್ದರು, ಸುಳ್ಳೇಕೆ. ಆದರೆ ಇವನು ಅಂಥವನಲ್ಲ. ಇವನಿಗೆ ದೇವರ ಭಯ ಇತ್ತು. ನನಗೆ ದೇವರಿಗಿಂತ ಇವನ ಭಯದ ಮೇಲೆ ನಂಬಿಕೆ ಇತ್ತು.

ಮಾಲೆ ಹಾಕಿಸುವ ಗುರುಸ್ವಾಮಿ ನಮ್ಮ ಫೌಂಡ್ರಿಯಿಂದಲೇ ನಿವೃತ್ತರಾದವರು, ಹದಿನೆಂಟು ಸಲ ಶಬರಿಮಲೆಗೆ ಹೋಗಿ ಬಂದವರು. ಮಾಲೆ ಹಾಕುವ ದಿನ ಡಾಕ್ಟರು ಹೇಳಿದ ಮಾತು ನೆನಪಾಗಿ ನಾನು ಅವರನ್ನು ಕೇಳಿದೆ. ಅವರು ಒಳ್ಳೆಯವರು. "ಕಾಯಿಲೆಯವರು ಚಪ್ಪಲಿ ಹಾಕ್ಕೋಬಹುದು ಸ್ವಾಮಿ. ಅಯ್ಯಪ್ಪ ಏನು ಕಾಲು ನೋಡ್ತಾನಾ?" ಎಂದರು.

ಒಪ್ಪದೆ ಹೋದದ್ದು ಇವನು. ತೆಂಗಿನಕಾಯಿ ಹಿಡಿದು ನಿಂತಲ್ಲೇ ನನ್ನ ಕಡೆ ತಿರುಗಿ ಹೇಳಿದ: "ಚಪ್ಪಲಿ ಹಾಕ್ಕೊಂಡ್ರೆ ಇದು ಮಾಲೆ ಅಲ್ಲ ಮಾರಾಯ, ಬರೀ ಮಣಿಸರ. ಇವತ್ತು ಚಪ್ಪಲಿಗೆ ವಿನಾಯ್ತಿ ತಗೊಂಡ್ರೆ ನಾಳೆ ಬೀಡಿಗೂ ತಗೋತೀನಿ. ನನ್ನನ್ನ ನಾನು ಬಲ್ಲೆ."

ನಾನೂ ಅವನನ್ನು ಬಲ್ಲೆ. ಅವನು ಹೇಳಿದ್ದು ನಿಜವೆಂದು ನನಗೂ ಅನ್ನಿಸಿತು. "ಸರಿ ಹಾಗಾದ್ರೆ, ಬರಿಗಾಲಲ್ಲೇ ನಡಿ," ಎಂದೆ. ನಾನೂ ಮಾಲೆ ಹಾಕಿಕೊಂಡೆ.

ಆ ನಲವತ್ತೊಂದು ದಿನಗಳನ್ನು ನೆನೆಯಲು ಈಗಲೂ ಹೆದರುತ್ತೇನೆ, ಅಷ್ಟು ಚೆನ್ನಾಗಿದ್ದವು ಅವು. ಇವನಿಗೆ ಬೀಡಿ ಕೊಡುತ್ತಿದ್ದ ಕೈಗಳೆಲ್ಲ ಈಗ ಮುಗಿಯುತ್ತಿದ್ದವು. ಗೂಡಂಗಡಿಯವನು ನಮ್ಮನ್ನು ಕಂಡರೆ "ಸ್ವಾಮಿ ಶರಣಂ" ಎಂದು ಬೀಡಿ ಕಟ್ಟುಗಳ ಮೇಲೆ ಪೇಪರು ಮುಚ್ಚುತ್ತಿದ್ದ. ಪಾಳಿಯವರು ಬೀಡಿಯನ್ನು ಬೆನ್ನ ಹಿಂದೆ ಹಿಡಿದು ದಾರಿ ಬಿಡುತ್ತಿದ್ದರು. ಕಾರ್ಖಾನೆಯ ಒಳಗೆ ಬೂಟು ಕಡ್ಡಾಯವಾದ್ದರಿಂದ ಹಾಕಲೇಬೇಕು. ಗೇಟು ದಾಟಿದ ಕೂಡಲೇ ಇಬ್ಬರೂ ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಹೆಗಲಿಗೆ ನೇತುಹಾಕಿಕೊಂಡು ನಡೆಯುತ್ತಿದ್ದೆವು. ಅವನ ಕಾಲ್ಬೆರಳಿನ ಬಣ್ಣ ತಿಳಿಯಾಯಿತು. ಏಣಿಯನ್ನು ಒಂದೇ ಉಸಿರಿಗೆ ಹತ್ತಿ, ಕ್ಯಾಬಿನ್ನಿನಿಂದ ಬಗ್ಗಿ ನನಗೆ ಕೈ ಬೀಸಿದ. ಅವನ ಹೆಂಡತಿ ನನಗೆ ಒಂದು ಡಬ್ಬಿ ಪೊಂಗಲ್ ಕಳಿಸಿದಳು. ಸಂಕ್ರಾಂತಿಗೆ ಮಲೆ ಹತ್ತಿ ಇಳಿದು ಬಂದೆವು, ಅವನ ಕಾಲಿಗೆ ಒಂದು ಮುಳ್ಳೂ ಚುಚ್ಚಲಿಲ್ಲ. ಅದೇ ನಮ್ಮನ್ನು ಹಾಳು ಮಾಡಿತು. ಡಾಕ್ಟರು ಹೇಳಿದ ಎರಡು ಮಾತುಗಳಲ್ಲಿ ಒಂದೇ ನಿಜ ಎಂದು ನಾವು ತೀರ್ಮಾನಿಸಿಬಿಟ್ಟೆವು.

ಊರಿಗೆ ಬಂದು ಮಾಲೆ ತೆಗೆಸಿದ ಮಾರನೆಯ ದಿನ ಗೂಡಂಗಡಿಯವನು ನಗುನಗುತ್ತಾ ಕಟ್ಟಿನ ಮೇಲಿನ ಪೇಪರು ಸರಿಸಿದ. "ವ್ರತ ಮುಗೀತಲ್ಲ, ತಗೊಳ್ಳಿ. ಇಷ್ಟು ದಿನ ನಿಮ್ಮ ಮುಖ ನೋಡಿ ನಂಗೇ ಪಾಪ ಅನ್ನಿಸ್ತಿತ್ತು." ಇವನು ತೆಗೆದುಕೊಂಡ. ನಾನು ಹೇಗೋ ಹಲ್ಲು ಕಚ್ಚಿ ನಿಂತೆ. ಹದಿನೈದು ದಿನದಲ್ಲಿ ಅವನ ಬೆರಳು ಮತ್ತೆ ನೇರಳೆಯಾಯಿತು.

"ಮಾಲೆ ತೆಗೆದದ್ದೇ ತಪ್ಪು. ಮತ್ತೆ ಹಾಕ್ಕೋ," ಎಂದವನು ನಾನು.

ಗುರುಸ್ವಾಮಿ ಸುಲಭಕ್ಕೆ ಒಪ್ಪಲಿಲ್ಲ. "ಮಾಲೆ ಅಂದ್ರೆ ಹೊಲದ ಬೇಲಿ ಅಲ್ಲ ಸ್ವಾಮಿ, ದನ ಬರ್ತದೆ ಅಂತ ಹಾಕೋಕೆ," ಎಂದರು. ನಾನು ಕಾಡಿ ಬೇಡಿ ಒಪ್ಪಿಸಿದೆ. ಏಪ್ರಿಲ್ಲಿನ ವಿಷು ಪೂಜೆಗೆ ಮಲೆಗೆ ಹೋಗುವವರ ಜೊತೆ ಮಾರ್ಚಿನ ಮೊದಲಲ್ಲೇ ಇವನಿಗೂ ಹಾಕಿಸಿದೆ. ಈ ಸಲ ನಾನು ಹಾಕಿಕೊಳ್ಳಲಿಲ್ಲ. ಬೀಡಿ ಇಲ್ಲದೆ ಇರಬಲ್ಲೆ ಎಂಬ ಧೈರ್ಯ ನನಗೆ ಬಂದಿತ್ತು, ಮೇಲಾಗಿ ತಣ್ಣೀರು ಸಾಕಾಗಿತ್ತು.

ಮಾರ್ಚ್ ತಿಂಗಳ ಭದ್ರಾವತಿಯ ಡಾಂಬರು ರಸ್ತೆ. ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ನಾವು ಹೊರಗೆ ಬರುತ್ತಿದ್ದೆವು. ಅವನು ಬೂಟು ಹೆಗಲಿಗೆ ಹಾಕಿಕೊಂಡು ರಸ್ತೆಯ ಅಂಚಿನ ಮಣ್ಣು ಹುಡುಕುತ್ತಾ ನಡೆಯುತ್ತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡು ಅವನ ಪಕ್ಕದಲ್ಲಿ ನಡೆಯುತ್ತಿದ್ದೆ. ಅದೂ ಇದೂ ಮಾತಾಡುತ್ತಿದ್ದೆ. ಅವನ ಕಾಲು ಸುಡುತ್ತಿದೆಯೇ ಎಂದು ಒಂದು ದಿನವೂ ಕೇಳಲಿಲ್ಲ. ಅವನ ಬಾಯಲ್ಲಿ ಬೀಡಿ ಇಲ್ಲವಲ್ಲ ಎಂದಷ್ಟೇ ನೋಡುತ್ತಿದ್ದೆ.

ವಿಷುವಿಗೆ ಇನ್ನು ಹತ್ತು ದಿನವಿರುವಾಗ ಅವನು ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ಪಾದ ಎತ್ತಿ ತೋರಿಸಿದ. ಹೆಬ್ಬೆರಳಿನ ಕೆಳಗೆ ಸಣ್ಣ ಗಾಯ. ತುಕ್ಕು ತಂತಿಯೋ ಗಾಜೋ, ಯಾವಾಗ ಹೊಕ್ಕಿತೋ ಅವನಿಗೇ ಗೊತ್ತಿಲ್ಲ. ಸುತ್ತ ಕಪ್ಪಾಗಿತ್ತು.

"ಡಾಕ್ಟರ ಹತ್ರ ಹೋದ್ರೆ ಚಪ್ಪಲಿ ಹಾಕ್ಕೋ ಅಂತಾರೆ," ಎಂದ.

"ಅಂತಾರೆ," ಎಂದೆ.

"ಏನ್ ಮಾಡ್ಲಿ?"

ನಾನು ಆ ಗಾಯವನ್ನು ಚೆನ್ನಾಗಿ ನೋಡಿದೆ. ಬಗ್ಗಿ ಹತ್ತಿರದಿಂದ ನೋಡಿದೆ. "ಅರಿಶಿನ ಕೊಬ್ಬರಿ ಎಣ್ಣೆ ಹಚ್ಚು. ಹತ್ತು ದಿನ ತಾನೇ, ತಡ್ಕೋ," ಎಂದೆ. ಶಿವಮೊಗ್ಗದ ಬಸ್ಸು ಬಂತು, ಹತ್ತಿದೆ.

ಒಂದು ವಾರದ ಮೇಲೆ ಅವನ ಹೆಂಡತಿ ಅವನು ಮಲಗುತ್ತಿದ್ದ ಚಾಪೆಯ ಕೊಳೆತ ವಾಸನೆಯಿಂದ ವಿಷಯ ಹಿಡಿದಳು. ಕಾರು ಮಾಡಿ ಶಿವಮೊಗ್ಗಕ್ಕೆ ಕರೆತಂದರು, ನಾನು ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದೆ. ಅದೇ ಡಾಕ್ಟರು. ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ ತಲೆ ಎತ್ತಿದರು.

"ಬೀಡಿ?"

"ಮುಟ್ಟಿಲ್ಲ ಸಾರ್. ಮಾಲೆ ಹಾಕಿದ ದಿನದಿಂದ ಒಂದೂ ಇಲ್ಲ," ಎಂದೆ. ಆ ಹೊತ್ತಿನಲ್ಲೂ ನನ್ನ ದನಿಯಲ್ಲಿ ಒಂದು ಜಂಬವಿತ್ತು.

"ಅದು ಸರಿ. ಬರಿಗಾಲಲ್ಲಿ ಓಡಾಡು ಅಂತ ಯಾರ್ರೀ ಹೇಳಿದ್ದು?"

ಅವನು ನನ್ನ ಕಡೆ ನೋಡಲಿಲ್ಲ. ನಾನು ಬಿಚ್ಚಿಟ್ಟ ಬಟ್ಟೆಯನ್ನು ಮಡಚತೊಡಗಿದೆ. ಡಾಕ್ಟರು ಅವನ ಹೆಂಡತಿಯನ್ನು ಆಚೆ ಕರೆದುಕೊಂಡು ಹೋಗಿ ಮಾತಾಡಿ, ಮಂಡಿಯ ಕೆಳಗೆ ತೆಗೆಯಬೇಕು ಎಂದು ತಿರುಗಿ ಬಂದು ಹೇಳಿದರು. ಅವನು ಮಗುವಿನ ಹಾಗೆ ಅವರ ಮುಖ ನೋಡಿದ.

"ಸಾರ್, ನಾನು ಕಾಲು ಅಂತಾನೇ ಹೇಳಿದ್ನಲ್ಲ ಸಾರ್."

ಆಪರೇಷನ್ನಿಗೆ ಮೊದಲು ಮೈಮೇಲಿನದೆಲ್ಲ ತೆಗೆಯಬೇಕು ಎಂದು ನರ್ಸು ಹೇಳಿದಳು. ಮಾಲೆಯನ್ನು ಗುರುಸ್ವಾಮಿಯೇ ಮಂತ್ರ ಹೇಳಿ ತೆಗೆಯಬೇಕು, ಇಲ್ಲವೇ ಹೆತ್ತ ತಾಯಿ. ಇಬ್ಬರೂ ಅಲ್ಲಿರಲಿಲ್ಲ. ನಾನೇ ತೆಗೆದೆ. ನನಗೆ ಮಂತ್ರ ಬರುತ್ತಿರಲಿಲ್ಲ. ಅವನ ಕೂದಲಿಗೆ ಸಿಕ್ಕಿಕೊಂಡಿದ್ದ ಮಣಿ ಬಿಡಿಸುವಾಗ ಎರಡು ಕೂದಲು ಕಿತ್ತುಬಂದವು. "ನೋವಾಯ್ತಾ?" ಎಂದು ಕೇಳಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಬೇರೆಯವರನ್ನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೆನೋ.

ಆಮೇಲೆ ಭಾನುವಾರಗಳಂದು ಅವನ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಹೋಗದಿರಲು ಆಗುತ್ತಿರಲಿಲ್ಲ, ಹೋಗಿ ಮಾತಾಡಲೂ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ. ಮಡಿಲಲ್ಲಿ ಒಂದು ಬೀಡಿ ಕಟ್ಟು, ಬೆಂಕಿಪೊಟ್ಟಣ. ಗೂಡಂಗಡಿಯವನು ನೋಡಲು ಬಂದು, ಅತ್ತು, ಕೊಟ್ಟು ಹೋಗಿದ್ದನಂತೆ. ಒಂದು ಬೀಡಿ ತೆಗೆದು ಬೆರಳ ನಡುವೆ ಹಿಡಿದ. ಪೊಟ್ಟಣ ನನ್ನ ಕಡೆ ಚಾಚಿದ.

"ಬೇಡ ಮಾರಾಯ. ಇನ್ನೊಂದು ಕಾಲಿದೆ. ಡಾಕ್ಟರು ಹೇಳಿದ್ದು ಮರೆತ್ಯಾ?"

"ನೀನು ಮಾಲೆ ಹಾಕ್ಕೋ ಅಂದೆ, ಹಾಕ್ಕೊಂಡೆ. ಬರಿಗಾಲಲ್ಲಿ ನಡಿ ಅಂದೆ, ನಡೆದೆ. ಹತ್ತು ದಿನ ತಡ್ಕೋ ಅಂದೆ, ತಡ್ಕೊಂಡೆ. ಈಗ ನಾನೊಂದು ಹೇಳ್ತೀನಿ, ಕೇಳು. ಹಚ್ಚು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಳಗೆ ಅವನ ಹೆಂಡತಿಯ ಪಾತ್ರೆಯ ಸದ್ದು ನಿಂತಿತು. ಅವಳು ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ. ನಾನು ಕಡ್ಡಿ ಗೀರಿದೆ. ಗಾಳಿಗೆ ಆರದ ಹಾಗೆ ಎರಡೂ ಕೈ ಅಡ್ಡ ಹಿಡಿದೆ.

ಅವನು ಕಣ್ಣು ಮುಚ್ಚಿ ಒಂದು ದಮ್ಮು ಎಳೆದ. ಹೊಗೆ ಬಿಟ್ಟು, ಹಳೆಯ ರೂಢಿಯಂತೆ, ಬೀಡಿಯನ್ನು ನನ್ನ ಕಡೆ ಚಾಚಿದ. ನನ್ನ ಕೈ ಮೇಲೇಳಲಿಲ್ಲ. ಮಾತು ಕೊಟ್ಟದ್ದಕ್ಕೆ ಅಲ್ಲ, ಛಲಕ್ಕೂ ಅಲ್ಲ. ನನಗೆ ಆ ವಾಸನೆಯೇ ತಡೆಯಲಾಗಲಿಲ್ಲ. ಅವನು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದ.

"ಬೇಡ ಬಿಡು," ಎಂದ. "ನಿಂಗೆ ಎರಡಿದೆ."

ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದೆ. ಮೆಟ್ಟಿಲ ಕೆಳಗೆ ನನ್ನ ಚಪ್ಪಲಿಗಳಿದ್ದವು. ಅವನ್ನು ಮೆಟ್ಟಿಕೊಳ್ಳುವಷ್ಟು ಹೊತ್ತೂ ಅವನು ನನ್ನ ಕಾಲುಗಳನ್ನೇ ನೋಡುತ್ತಿದ್ದ.